ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಬೇಕು: ಆಫೀಸು ಮತ್ತು ಕ್ಲೌಡ್ ಸರ್ವರ್‌ಗಳಿಗೆ ಒಂದೇ ಬೀಗ ಹಾಕುವ ಬಗೆ

ಹಿಂದೆ ನಾನಿದ್ದ ಒಂದು ತಂಡದಲ್ಲಿ ಒಬ್ಬ ಹುಡುಗ ಕೆಲಸ ಬಿಟ್ಟು ನಾಲ್ಕು ತಿಂಗಳಾಗಿತ್ತು. ಬೇರೆ ಏನೋ ಹುಡುಕುತ್ತಾ ಒಂದು ಕ್ಲೌಡ್ ಮೆಷಿನ್ ಒಳಗೆ ಹೋದಾಗ ಅವನ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗಲು ಬಳಸುವ ಡಿಜಿಟಲ್ ಬೀಗದ ಕೈ) ಇನ್ನೂ ಅಲ್ಲೇ ಇರುವುದು ಕಂಡಿತು. ಎಲ್ಲ ಕಡೆ ಹುಡುಕಿದೆ. ಹನ್ನೊಂದು ಮೆಷಿನ್‌ಗಳಲ್ಲಿ ಇತ್ತು. ಅವನು ಏನೂ ಮಾಡಿರಲಿಲ್ಲ, ತುಂಬಾ ಒಳ್ಳೆಯ ಹುಡುಗ. ಆದರೆ ಆ ಕೀ ಇದ್ದ ಲ್ಯಾಪ್‌ಟಾಪ್ ಕಳೆದುಹೋಗಿದ್ದರೆ? ಆಫೀಸಿನ ಸರ್ವರ್‌ಗಳಲ್ಲಿ ಅವನ ಹೆಸರು ತೆಗೆದಿದ್ದೆವು. ಕ್ಲೌಡ್‌ನಲ್ಲಿ ಯಾರು ತೆಗೆಯಬೇಕು ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ.

ಅರ್ಧ ಸರ್ವರ್ ಆಫೀಸಿನ ರೂಮಿನಲ್ಲಿ, ಅರ್ಧ ಕ್ಲೌಡ್‌ನಲ್ಲಿ ಇರುವ ಎಲ್ಲ ತಂಡಗಳಲ್ಲೂ ಈ ತೊಂದರೆ ಇದೆ. ಅದನ್ನು ಸರಿಪಡಿಸುವ ಕೆಲಸವನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಗುರಿ ಒಂದೇ. ಒಬ್ಬರು ಕೆಲಸ ಬಿಟ್ಟ ದಿನ ಒಂದು ಕಡೆ ಅವರ ಖಾತೆ ಮುಚ್ಚಿದರೆ ಎಲ್ಲ ಬಾಗಿಲೂ ಮುಚ್ಚಬೇಕು. ಮುಂದಿನ ಒಂದೊಂದು ಹಂತವನ್ನೂ ಈ ಗುರಿಗೆ ಹಿಡಿದು ನೋಡಿ.

ನಾನು ಬಳಸುವುದು ಫ್ರೀಐಪಿಎ, ಅಂದರೆ ಎಲ್ಲ ಲಿನಕ್ಸ್ ಮೆಷಿನ್‌ಗಳ ಖಾತೆ ಮತ್ತು ಅನುಮತಿಗಳನ್ನು ಒಂದೇ ಕಡೆ ಇಡುವ ವ್ಯವಸ್ಥೆ. ರೆಡ್ ಹ್ಯಾಟ್ ಬೆಂಬಲದ ಓಪನ್ ಸೋರ್ಸ್ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಒಳಗೆ ಇರುವುದೆಲ್ಲ ಹಳೆಯ, ನಂಬಿಕೆಯ ಭಾಗಗಳೇ. ಹೆಸರು ಮತ್ತು ಗ್ರೂಪ್‌ಗಳನ್ನು ಇಡಲು 389 ಡೈರೆಕ್ಟರಿ ಸರ್ವರ್, ಗುರುತು ಖಚಿತಪಡಿಸಲು ಎಂಐಟಿಯಲ್ಲಿ ಹುಟ್ಟಿದ ಕರ್ಬರೋಸ್, ಸರ್ಟಿಫಿಕೇಟ್ ಕೊಡಲು ಡಾಗ್‌ಟ್ಯಾಗ್. ಪ್ರತಿ ಮೆಷಿನ್‌ನಲ್ಲಿ ಕೂತು ಇವುಗಳ ಜೊತೆ ಮಾತಾಡುವುದು ಎಸ್‌ಎಸ್‌ಎಸ್‌ಡಿ. ಸರ್ವರ್ ಅನ್ನು ರಾಕಿ ಅಥವಾ ಅಲ್ಮಾ ಲಿನಕ್ಸ್ ಮೇಲೆ ಹಾಕಿ. ಉಬುಂಟು, ಡೆಬಿಯನ್ ಮೆಷಿನ್‌ಗಳು ಕ್ಲೈಂಟ್ ಆಗಿ ಸೇರಿಕೊಳ್ಳುತ್ತವೆ.

ಹಂತ 1: ಈಗ ಯಾರ ಹತ್ತಿರ ಏನಿದೆ?

ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ಪಟ್ಟಿ ಮಾಡಿ. ಬೇಜಾರಿನ ಕೆಲಸ ನಿಜ, ಆದರೆ ಇದನ್ನು ಬಿಟ್ಟರೆ ಮುಂದೆ ಜಾಸ್ತಿ ತೊಂದರೆ. ಪ್ರತಿ ಮೆಷಿನ್‌ನಿಂದ ಮೂರು ವಿಷಯ ಬೇಕು. ಒಂದು, 1000 ಮತ್ತು ಅದಕ್ಕಿಂತ ಮೇಲಿನ ಯುಐಡಿ (ಖಾತೆಯ ಸಂಖ್ಯೆ) ಇರುವ ಲೋಕಲ್ ಖಾತೆಗಳು, ಅಂದರೆ ಆ ಮೆಷಿನ್‌ನಲ್ಲಷ್ಟೇ ಇರುವ ಖಾತೆಗಳು. ಎರಡು, ಪ್ರತಿ ಹೋಮ್ ಫೋಲ್ಡರಿನ ಆಥರೈಸ್ಡ್ ಕೀಸ್ ಫೈಲ್, ಅಂದರೆ ಯಾವ ಕೀಗಳನ್ನು ಒಳಗೆ ಬಿಡಬೇಕು ಎಂಬ ಪಟ್ಟಿ. ಎಲ್ಲ ಹಕ್ಕೂ ಇರುವ ರೂಟ್ ಖಾತೆಯದ್ದನ್ನು ಮರೆಯಬೇಡಿ. ಮೂರು, ಯಾರು ಸುಡೋ ಬಳಸಿ ರೂಟ್ ಹಕ್ಕಿನಲ್ಲಿ ಕೆಲಸ ಮಾಡಬಹುದು ಎಂದು ಹೇಳುವ ಸುಡೋಅರ್ಸ್ ಫೈಲ್ ಮತ್ತು ಅದರ ಜೊತೆಗಿರುವ ಫೋಲ್ಡರ್. ಹಲವು ಮೆಷಿನ್‌ಗಳಲ್ಲಿ ಒಂದೇ ಸಲ ಕೆಲಸ ಓಡಿಸುವ ಆನ್ಸಿಬಲ್ ಇದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಪಟ್ಟಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಒಂದು ಮೆಷಿನ್‌ನಲ್ಲಿ ರಮೇಶ್ 1001, ಇನ್ನೊಂದರಲ್ಲಿ ಸವಿತಾ 1001. ಲಿನಕ್ಸ್‌ನಲ್ಲಿ ಫೈಲಿನ ಒಡೆಯ ಹೆಸರಲ್ಲ, ಸಂಖ್ಯೆ. ಎರಡೂ ಮೆಷಿನ್ ನೆಟ್‌ವರ್ಕ್ ಮೂಲಕ ಒಂದೇ ಎನ್‌ಎಫ್‌ಎಸ್ ಫೋಲ್ಡರ್ ಹಂಚಿಕೊಂಡರೆ ರಮೇಶ್ ಬರೆದ ಫೈಲು ಸವಿತಾ ಅವರದಾಗಿ ಕಾಣುತ್ತದೆ.

ಈ ಗಲಿಬಿಲಿ ಆಗಬಾರದೆಂದು ಫ್ರೀಐಪಿಎ ಇನ್‌ಸ್ಟಾಲ್ ಆಗುವಾಗಲೇ 2,00,000 ಸಂಖ್ಯೆಗಳ ಒಂದು ದೊಡ್ಡ ಗುಂಪನ್ನು ಆರಿಸಿಕೊಂಡು ಹೊಸ ಯುಐಡಿಗಳನ್ನು ಅದರೊಳಗಿಂದ ಕೊಡುತ್ತದೆ. ಹಾಗಾಗಿ ಹಳೆಯ ಫೈಲುಗಳ ಒಡೆತನವನ್ನು ಹೊಸ ಸಂಖ್ಯೆಗೆ ಬದಲಿಸಬೇಕು. ಫೈಂಡ್ ಕಮಾಂಡ್‌ನಿಂದ ಹಳೆಯ ಸಂಖ್ಯೆಯ ಫೈಲುಗಳನ್ನು ಹುಡುಕಿ ಚೋನ್ ಕಮಾಂಡ್‌ನಿಂದ ಒಡೆತನ ಬದಲಿಸಿ. ಕೋಟಿಗಟ್ಟಲೆ ಫೈಲಿರುವ ಹಳೆಯ ಮೆಷಿನ್‌ನಲ್ಲಿ ಇದು ಆಗದ ಮಾತು. ಅದಕ್ಕೆ ಐಡಿ ವ್ಯೂ ಅನ್ನುವ ಸೌಲಭ್ಯ ಇದೆ. ಆ ಒಂದು ಮೆಷಿನ್‌ನಲ್ಲಿ ಮಾತ್ರ ಸವಿತಾ ಅವರ ಯುಐಡಿ 1001 ಎಂದು ತೋರಿಸು ಅಂತ ಹೇಳಬಹುದು.

ಹಂತ 2: ಡೊಮೇನ್ ಹೆಸರು ಮತ್ತು ಗಡಿಯಾರ

ಡೊಮೇನ್ ಹೆಸರನ್ನು ಒಂದು ದಿನ ಕೂತು ಯೋಚಿಸಿ ಇಡಿ. ಆಮೇಲೆ ಬದಲಿಸಬೇಕೆಂದರೆ ಎಲ್ಲವನ್ನೂ ಮೊದಲಿಂದ ಹಾಕಬೇಕಾಗುತ್ತದೆ. ನಿಮ್ಮ ಸಂಸ್ಥೆಯದೇ ಡೊಮೇನಿನ ಕೆಳಗೆ ಒಂದು ಸಬ್‌ಡೊಮೇನ್ ಮಾಡಿ. 'ಡಾಟ್ ಲೋಕಲ್' ಎಂದು ಮುಗಿಯುವ ಹೆಸರು ಬೇಡ. ಅದು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲಾದ ಹೆಸರು, ಕೆಲವು ಮೆಷಿನ್‌ಗಳಲ್ಲಿ ವಿಚಿತ್ರವಾಗಿ ಕೈಕೊಡುತ್ತದೆ. ಆಫೀಸಿನಲ್ಲಿ ಆಗಲೇ ಆಕ್ಟಿವ್ ಡೈರೆಕ್ಟರಿ (ಮೈಕ್ರೋಸಾಫ್ಟ್‌ನ ಇಂಥದೇ ವ್ಯವಸ್ಥೆ) ಇದ್ದರೆ ಅದರ ಡೊಮೇನನ್ನೇ ಇಲ್ಲೂ ಹಂಚಿಕೊಳ್ಳಬೇಡಿ. ಬೇರೆಯದೇ ಇರಲಿ.

ಇನ್ನು ಗಡಿಯಾರ. ಲಾಗಿನ್ ಆದಾಗ ಕರ್ಬರೋಸ್ ಕೊಡುವ ಟಿಕೆಟ್, ಅಂದರೆ ಗುರುತಿನ ಚೀಟಿ, ಸಮಯದ ಮೇಲೆ ನಿಂತಿದೆ. ಕ್ಲೈಂಟ್ ಮತ್ತು ಸರ್ವರ್ ನಡುವೆ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಹಳೆಯ ಸ್ನ್ಯಾಪ್‌ಶಾಟ್‌ನಿಂದ (ಹಿಂದೆ ಉಳಿಸಿಟ್ಟ ಪ್ರತಿಯಿಂದ) ಎಬ್ಬಿಸಿದ ವರ್ಚುವಲ್ ಮೆಷಿನ್‌ಗಳಲ್ಲಿ ಇದು ಆಗಾಗ ಆಗುತ್ತದೆ. ಜನ ಪಾಸ್‌ವರ್ಡ್ ಬದಲಿಸುತ್ತಾ ಕೂರುತ್ತಾರೆ, ತಪ್ಪು ಇರುವುದು ಗಡಿಯಾರದಲ್ಲಿ. ಎಲ್ಲ ಕಡೆ ಗಡಿಯಾರ ಸರಿಹೊಂದಿಸುವ ಕ್ರೋನಿ ಹಾಕಿ. ನಮ್ಮ ದೇಶದಲ್ಲಿ ಇದು ಕಾನೂನಿನ ಮಾತೂ ಹೌದು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಮೆಷಿನ್‌ಗಳ ಸಮಯ ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ (ಸಮಯ ಹೇಳುವ) ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗೆ ಸರಿಹೊಂದಬೇಕು.

ಹಂತ 3: ಸರ್ವರ್‌ಗಳನ್ನು ಎಲ್ಲಿಡಬೇಕು?

ಕನಿಷ್ಠ ಎರಡು ಇರಲಿ. ಒಂದು ಆಫೀಸಿನಲ್ಲಿ, ಇನ್ನೊಂದು ಕ್ಲೌಡ್‌ನಲ್ಲಿ. ಎರಡೂ ಸಮಾನ, ಯಾವುದರಲ್ಲಿ ಬದಲಾಯಿಸಿದರೂ ಇನ್ನೊಂದಕ್ಕೆ ಹೋಗುತ್ತದೆ. ನಡುವೆ ವಿಪಿಎನ್ ಬೇಕೇ ಬೇಕು. ತೆರೆಯಬೇಕಾದ ಪೋರ್ಟ್‌ಗಳು: ಕರ್ಬರೋಸ್‌ಗೆ 88 ಮತ್ತು 464, ಡೈರೆಕ್ಟರಿ ಓದುವ ಎಲ್‌ಡಿಎಪಿಗೆ 389 ಮತ್ತು 636, ವೆಬ್‌ಗೆ 80 ಮತ್ತು 443, ಫ್ರೀಐಪಿಎಯ ಡಿಎನ್‌ಎಸ್ ಬಳಸಿದರೆ 53. 88, 464, 53ಕ್ಕೆ ಟಿಸಿಪಿ, ಯುಡಿಪಿ ಎರಡನ್ನೂ ಬಿಡಿ. ಇವುಗಳಲ್ಲಿ ಒಂದನ್ನೂ ಇಂಟರ್‌ನೆಟ್‌ಗೆ ನೇರವಾಗಿ ತೆರೆಯಬೇಡಿ.

ಸಣ್ಣ ತಂಡಕ್ಕೆ 4 ಜಿಬಿ ರ್ಯಾಮ್ ಇರುವ ಮೆಷಿನ್ ಸಾಕು. ಆದರೆ ಅದರ ಮೇಲೆ ಬೇರೆ ಕೆಲಸ ಹೇರಬೇಡಿ. ಇದು ಮನೆಯ ಬೀಗದ ಕೈ ಗೊಂಚಲು ಇದ್ದ ಹಾಗೆ. ಜೊತೆಗೆ ಸುಮ್ನೆ ಒಂದು ವೆಬ್‌ಸೈಟ್ ಕೂರಿಸಿದರೆ ಆ ವೆಬ್‌ಸೈಟಿನ ತೂತು ಇಡೀ ಮನೆಯ ತೂತಾಗುತ್ತದೆ.

ಸರ್ಟಿಫಿಕೇಟ್ ಕೊಡುವ ಭಾಗವನ್ನು ಎರಡೂ ಸರ್ವರ್‌ನಲ್ಲಿ ಹಾಕಿ. ಸರ್ಟಿಫಿಕೇಟ್ ನವೀಕರಿಸುವ ಹೊಣೆ ಮಾತ್ರ ಒಂದಕ್ಕೇ ಇರುತ್ತದೆ, ಸಾಮಾನ್ಯವಾಗಿ ಮೊದಲು ಹಾಕಿದ್ದಕ್ಕೆ. ಅದನ್ನು ಎಂದಾದರೂ ತೆಗೆಯಬೇಕಾದರೆ ಮೊದಲು ಆ ಹೊಣೆಯನ್ನು ಇನ್ನೊಂದಕ್ಕೆ ವರ್ಗಾಯಿಸಿ. ಮರೆತರೆ ಆ ದಿನ ಏನೂ ಆಗುವುದಿಲ್ಲ. ಒಳಗಿನ ಸರ್ಟಿಫಿಕೇಟ್‌ಗಳ ಅವಧಿ ಮುಗಿದ ದಿನ ವ್ಯವಸ್ಥೆ ನಿಂತುಹೋಗುತ್ತದೆ.

ಎರಡು ಸರ್ವರ್ ಇದೆ, ಬ್ಯಾಕಪ್ ಯಾಕೆ ಅಂತ ಕೇಳುವವರಿದ್ದಾರೆ. ತಪ್ಪಾಗಿ ಒಂದು ಗ್ರೂಪ್ ಅಳಿಸಿದರೆ ಆ ಅಳಿಸುವಿಕೆಯೂ ಕ್ಷಣದಲ್ಲಿ ಎರಡನೆಯದಕ್ಕೆ ಹೋಗುತ್ತದೆ. ಹಾಗಾಗಿ ಐಪಿಎ-ಬ್ಯಾಕಪ್ ದಿನವೂ ಓಡಲಿ, ಅದರ ಫೈಲು ಬೇರೆ ಜಾಗಕ್ಕೆ ಹೋಗಲಿ.

ಹಂತ 4: ಮೆಷಿನ್‌ಗಳನ್ನು ಸೇರಿಸುವುದು

ಕಮಾಂಡಿನ ಹೆಸರು ಐಪಿಎ-ಕ್ಲೈಂಟ್-ಇನ್‌ಸ್ಟಾಲ್. ಹೋಮ್ ಫೋಲ್ಡರ್ ತಾನಾಗಿಯೇ ಆಗಲು ಎಂಕೆ-ಹೋಮ್‌ಡಿರ್ ಆಯ್ಕೆ ಕೊಡಿ. ಯಾರಿಗೂ ಅಷ್ಟಾಗಿ ಬೇಡದ ಒಂದು ಟೆಸ್ಟ್ ಮೆಷಿನ್‌ನಿಂದ ಶುರು ಮಾಡಿ. ಸೇರಿಸುವಾಗ ಪಕ್ಕದ ಟರ್ಮಿನಲ್‌ನಲ್ಲಿ ರೂಟ್ ಸೆಷನ್ ಒಂದು ತೆರೆದೇ ಇರಲಿ. ಹೊಸ ಲಾಗಿನ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡುವ ತನಕ ಅದನ್ನು ಮುಚ್ಚಬೇಡಿ.

ಕ್ಲೌಡ್‌ನಲ್ಲಿ ಮೆಷಿನ್‌ಗಳು ತಾವಾಗಿಯೇ ಹುಟ್ಟಿ ಸಾಯುತ್ತವೆ, ಅಲ್ವಾ? ಅವುಗಳ ಸ್ಕ್ರಿಪ್ಟ್ ಒಳಗೆ ಅಡ್ಮಿನ್ ಪಾಸ್‌ವರ್ಡ್ ಬರೆದಿಡುವ ತಪ್ಪು ಮಾಡಬೇಡಿ. ಹೊಸ ಹೋಸ್ಟ್ ನೋಂದಾಯಿಸುವಾಗ ರ‍್ಯಾಂಡಮ್ ಆಯ್ಕೆ ಕೊಟ್ಟರೆ ಒಂದೇ ಸಲ ಬಳಸಬಹುದಾದ ಪಾಸ್‌ವರ್ಡ್ ಸಿಗುತ್ತದೆ. ಅದನ್ನು ಆ ಮೆಷಿನ್‌ಗೆ ಕೊಡಿ. ಒಮ್ಮೆ ಸೇರಿದ ಮೇಲೆ ಅದಕ್ಕೆ ಬೆಲೆ ಇಲ್ಲ. ಮೆಷಿನ್ ಅಳಿಯುವಾಗ ಹೋಸ್ಟ್ ದಾಖಲೆಯೂ ಅಳಿಯುವ ಹಾಗೆ ನೋಡಿಕೊಳ್ಳಿ.

ಹಂತ 5: ಯಾರು ಎಲ್ಲಿಗೆ ಹೋಗಬಹುದು?

ನಿಜವಾದ ಕೆಲಸ ಇಲ್ಲಿದೆ. ಇಲ್ಲಿಯ ತನಕ ಬಂದು ನಿಂತುಬಿಟ್ಟ ತಂಡಗಳನ್ನು ಕಂಡಿದ್ದೇನೆ. ಅವರಿಗೆ ಆದದ್ದು ಇಷ್ಟೇ: ಮೊದಲು ಒಬ್ಬರಿಗೆ ಹನ್ನೊಂದು ಮೆಷಿನ್ ತೆರೆದಿತ್ತು, ಈಗ ಎಲ್ಲರಿಗೂ ಎಲ್ಲ ಮೆಷಿನ್ ತೆರೆದಿದೆ. ಯಾಕೆಂದರೆ ಫ್ರೀಐಪಿಎ ಬರುವಾಗಲೇ 'ಅಲೋ ಆಲ್' ಅನ್ನುವ ರೂಲ್ ಹೊತ್ತು ಬರುತ್ತದೆ. ಯಾರು ಬೇಕಾದರೂ, ಯಾವ ಮೆಷಿನ್‌ಗೆ ಬೇಕಾದರೂ ಹೋಗಬಹುದು ಎಂದು ಅದರ ಅರ್ಥ. ಅದನ್ನು ನಿಲ್ಲಿಸಬೇಕು, ಆದರೆ ಇವತ್ತೇ ಅಲ್ಲ.

ಮೊದಲು ಗ್ರೂಪ್‌ಗಳು. ಜನರದ್ದು ಒಂದು ಬಗೆ: ಡೇಟಾಬೇಸ್ ತಂಡ, ಆ್ಯಪ್ ತಂಡ, ಸಪೋರ್ಟ್ ತಂಡ. ಮೆಷಿನ್‌ಗಳದ್ದು ಇನ್ನೊಂದು ಬಗೆ: ಪ್ರೊಡಕ್ಷನ್ ಡೇಟಾಬೇಸ್, ಟೆಸ್ಟ್ ಡೇಟಾಬೇಸ್, ಪ್ರೊಡಕ್ಷನ್ ಆ್ಯಪ್. ಮೆಷಿನ್‌ಗಳನ್ನು ಆಫೀಸು, ಕ್ಲೌಡ್ ಎಂದು ಭಾಗ ಮಾಡಬೇಡಿ. ಮೆಷಿನ್ ಎಲ್ಲಿದೆ ಎಂಬುದರ ಮೇಲೆ ಅನುಮತಿ ನಿಲ್ಲಬಾರದು. ಅದು ಏನು ಮಾಡುತ್ತದೆ, ಎಷ್ಟು ಸೂಕ್ಷ್ಮ ಅನ್ನುವುದರ ಮೇಲೆ ನಿಲ್ಲಬೇಕು. ಆಗ ನಾಳೆ ಒಂದು ಡೇಟಾಬೇಸ್ ಆಫೀಸಿನಿಂದ ಕ್ಲೌಡ್‌ಗೆ ಹೋದರೂ ರೂಲ್ ಮುಟ್ಟಬೇಕಾಗಿಲ್ಲ. ಮೆಷಿನ್ ಹೆಸರಿನಲ್ಲೇ ಅದರ ಕೆಲಸ ಗೊತ್ತಾಗುವಂತಿದ್ದರೆ ಆಟೋಮೆಂಬರ್ ರೂಲ್ ಬರೆಯಿರಿ. ಹೊಸ ಮೆಷಿನ್ ತಾನಾಗಿಯೇ ಸರಿಯಾದ ಗ್ರೂಪಿಗೆ ಹೋಗಿ ಸೇರುತ್ತದೆ.

ಆಮೇಲೆ ಎಚ್‌ಬ್ಯಾಕ್ ರೂಲ್‌ಗಳು, ಅಂದರೆ ಮೆಷಿನ್‌ಗಳಿಗೆ ಯಾರನ್ನು ಬಿಡಬೇಕು ಎಂದು ಹೇಳುವ ರೂಲ್‌ಗಳು. ಪ್ರತಿ ರೂಲ್‌ನಲ್ಲಿ ಮೂರು ಭಾಗ: ಯಾರು, ಯಾವ ಮೆಷಿನ್‌ಗೆ, ಯಾವ ಸೇವೆಯ ಮೂಲಕ. 'ಡೇಟಾಬೇಸ್ ತಂಡ, ಪ್ರೊಡಕ್ಷನ್ ಡೇಟಾಬೇಸ್ ಮೆಷಿನ್‌ಗಳಿಗೆ, ಎಸ್‌ಎಸ್‌ಎಚ್‌ಡಿ ಮೂಲಕ.' ಎಸ್‌ಎಸ್‌ಎಚ್‌ಡಿ ಅಂದರೆ ಎಸ್‌ಎಸ್‌ಎಚ್ ಲಾಗಿನ್ ನೋಡಿಕೊಳ್ಳುವ ಸೇವೆ. ಜನರ ಹೆಸರನ್ನು ನೇರವಾಗಿ ರೂಲ್‌ಗೆ ಹಾಕಬೇಡಿ, ಯಾವಾಗಲೂ ಗ್ರೂಪ್ ಹಾಕಿ. ಒಬ್ಬರಿಗಾಗಿ ಬರೆದ ರೂಲ್ ಆರು ತಿಂಗಳಾದ ಮೇಲೆ ಯಾಕೆ ಇದೆ ಎಂದು ಯಾರಿಗೂ ನೆನಪಿರುವುದಿಲ್ಲ.

ಮೂರನೆಯ ಭಾಗದಲ್ಲಿ ಎಡವುವವರೇ ಜಾಸ್ತಿ. ಎಸ್‌ಎಸ್‌ಎಚ್‌ಡಿ ಮಾತ್ರ ಕೊಟ್ಟರೆ ಒಳಗೆ ಬರಬಹುದು, ಆದರೆ ಸುಡೋ ಓಡುವುದಿಲ್ಲ. ಸುಡೋ ಕೂಡ ಒಂದು ಸೇವೆಯಾಗಿ ಎಚ್‌ಬ್ಯಾಕ್‌ನಲ್ಲಿ ಸೇರಬೇಕು. ಅದೇ ಥರ ಕ್ರಾನ್‌ಡಿ, ಅಂದರೆ ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಸೇವೆ. ಒಬ್ಬರ ಹೆಸರಿನಲ್ಲಿ ರಾತ್ರಿ ಎರಡಕ್ಕೆ ಓಡುವ ಕ್ರಾನ್ ಕೆಲಸ ಇದ್ದು, ಆ ಸೇವೆಗೆ ಅನುಮತಿ ಇಲ್ಲದಿದ್ದರೆ ಅದು ಸದ್ದಿಲ್ಲದೆ ನಿಲ್ಲುತ್ತದೆ. ಬೆಳಿಗ್ಗೆ ರಿಪೋರ್ಟ್ ಬಾರದಿದ್ದಾಗಲೇ ಗೊತ್ತಾಗುವುದು. ಅಂಥ ಕೆಲಸಗಳನ್ನು ಜನರ ಹೆಸರಿನಿಂದ ತೆಗೆದು ಸೇವೆಗೆಂದೇ ಮಾಡಿದ ಖಾತೆಗೆ ಹಾಕಲು ಇದು ಒಳ್ಳೆಯ ಸಮಯ. ಇಲ್ಲದಿದ್ದರೆ ಅವರು ಕೆಲಸ ಬಿಟ್ಟ ದಿನ ಖಾತೆ ಮುಚ್ಚಲು ನೀವೇ ಹಿಂಜರಿಯುತ್ತೀರಿ.

ರೂಲ್ ಬರೆದ ಮೇಲೆ ಪರೀಕ್ಷಿಸಿ. ಎಚ್‌ಬ್ಯಾಕ್‌ಟೆಸ್ಟ್ ಅನ್ನುವ ಕಮಾಂಡಿಗೆ ವ್ಯಕ್ತಿ, ಮೆಷಿನ್, ಸೇವೆ ಮೂರನ್ನೂ ಕೊಟ್ಟರೆ ಬಿಡುತ್ತದೋ ಇಲ್ಲವೋ, ಯಾವ ರೂಲ್‌ನಿಂದ ಅಂತ ಹೇಳುತ್ತದೆ. 'ಅಲೋ ಆಲ್' ಇನ್ನೂ ಚಾಲೂ ಇರುವಾಗ ಉತ್ತರ ಯಾವಾಗಲೂ ಹೌದು ಎಂದೇ ಬರುತ್ತದೆ. ಆದ್ದರಿಂದ ಯಾವ ರೂಲ್ ಹೊಂದಿತು ಅನ್ನುವ ಸಾಲನ್ನು ಓದಿ. ಅಲ್ಲಿ 'ಅಲೋ ಆಲ್' ಒಂದೇ ಇದ್ದರೆ ನಿಮ್ಮ ರೂಲ್ ತಪ್ಪಿದೆ. ಹಂತ 1ರ ಪಟ್ಟಿಯ ಪ್ರತಿ ಸಾಲನ್ನೂ ಹೀಗೆ ನೋಡಿ. ಅಡ್ಮಿನ್‌ಗಳು ಎಲ್ಲ ಕಡೆ ಹೋಗುವ ಒಂದು ರೂಲ್ ಬೇರೆಯಾಗಿ ಇದೆಯೇ ಅಂತಲೂ ಖಚಿತಪಡಿಸಿಕೊಳ್ಳಿ. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ, ಎಲ್ಲರೂ ಆಫೀಸಿನಲ್ಲಿ ಇರುವಾಗ, 'ಅಲೋ ಆಲ್' ನಿಲ್ಲಿಸಿ. ಶುಕ್ರವಾರ ಸಂಜೆ ಮಾತ್ರ ಬೇಡ.

ಹಂತ 6: ಸುಡೋ

ಸುಡೋ ರೂಲ್‌ಗಳೂ ಅಲ್ಲೇ ಇರುತ್ತವೆ. ಸಪೋರ್ಟ್ ತಂಡಕ್ಕೆ ಒಂದು ಸೇವೆ ರೀಸ್ಟಾರ್ಟ್ ಮಾಡುವ ಹಕ್ಕು ಬೇಕಿದ್ದರೆ ಅಷ್ಟನ್ನೇ ಕೊಡಿ. ಫೈಲ್ ತಿದ್ದುವ ವಿಐ, ಫೈಲ್ ಓದುವ ಲೆಸ್ ಇಂಥವನ್ನು ಸುಡೋದಲ್ಲಿ ಕೊಡಬೇಡಿ, ಅವುಗಳ ಒಳಗಿಂದಲೇ ರೂಟ್ ಶೆಲ್ ತೆರೆಯಬಹುದು. ಫೈಲ್ ತಿದ್ದಬೇಕಿದ್ದರೆ ಸುಡೋಎಡಿಟ್ ಇದೆ. ರೂಲ್ ಬದಲಿಸಿದ ತಕ್ಷಣ ಮೆಷಿನ್‌ನಲ್ಲಿ ಕಾಣಿಸದಿದ್ದರೆ ಗಾಬರಿ ಬೇಡ. ಎಸ್‌ಎಸ್‌ಎಸ್‌ಡಿ ರೂಲ್‌ಗಳನ್ನು ತನ್ನ ಹತ್ತಿರ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ.

ಹಂತ 7: ಕೀ ಮತ್ತು ಒಟಿಪಿ

ಎಸ್‌ಎಸ್‌ಎಚ್ ಪಬ್ಲಿಕ್ ಕೀಯನ್ನು (ಕೀಯ ಬೇರೆಯವರಿಗೆ ಕೊಡಬಹುದಾದ ಭಾಗ) ಫ್ರೀಐಪಿಎಯಲ್ಲಿ ಅವರವರ ಖಾತೆಗೆ ಸೇರಿಸಿ. ಎಲ್ಲ ಮೆಷಿನ್‌ಗಳೂ ಅಲ್ಲಿಂದಲೇ ಓದುತ್ತವೆ. ಹೋಮ್ ಫೋಲ್ಡರಿನ ಆಥರೈಸ್ಡ್ ಕೀಸ್ ಫೈಲನ್ನು ಓದಬೇಡ ಎಂದು ಎಸ್‌ಎಸ್‌ಎಚ್‌ಡಿಗೆ ಹೇಳಿ. ಅದರ ಸೆಟ್ಟಿಂಗ್‌ನಲ್ಲಿ ಈ ಫೈಲಿನ ಹೆಸರು ಬರುವ ಸಾಲಿನ ಬೆಲೆ 'ನನ್' (none) ಎಂದಿರಲಿ. ಇದನ್ನು ಮಾಡದಿದ್ದರೆ ಯಾರೋ ಯಾವುದೋ ಖಾತೆಗೆ ಸದ್ದಿಲ್ಲದೆ ಒಂದು ಕೀ ಸೇರಿಸಿಕೊಳ್ಳಬಹುದು.

ಫ್ರೀಐಪಿಎಯಲ್ಲಿ ಒಟಿಪಿ ಸೌಲಭ್ಯವೂ ಇದೆ, ಫೋನಿನ ಫ್ರೀಒಟಿಪಿ ಥರದ ಆ್ಯಪ್ ಸಾಕು. ಒಂದು ವಿಷಯ ನೆನಪಿಡಿ. ಕೀ ಬಳಸಿ ಒಳಗೆ ಬಂದರೆ ಅದು ಕರ್ಬರೋಸ್ ದಾರಿಯಲ್ಲಿ ಹೋಗುವುದಿಲ್ಲ, ಒಟಿಪಿ ಕೇಳುವುದೇ ಇಲ್ಲ. ಒಟಿಪಿ ಹಾಕಿದ್ದೇವೆ ಎಂದು ನೆಮ್ಮದಿಯಾಗಿರುವ ತಂಡಗಳಲ್ಲಿ ಈ ಪಕ್ಕದ ಬಾಗಿಲು ತೆರೆದೇ ಇರುತ್ತದೆ. ನನ್ನ ಸಲಹೆ ಇದು. ಒಂದು ಜಂಪ್ ಸರ್ವರ್ ಇಡಿ, ಎಲ್ಲರೂ ಮೊದಲು ಅದಕ್ಕೆ ಬಂದು ಅಲ್ಲಿಂದ ಮುಂದೆ ಹೋಗಲಿ. ಅದರಲ್ಲಿ ಕೀ ಲಾಗಿನ್ ನಿಲ್ಲಿಸಿ, ಪಾಸ್‌ವರ್ಡ್ ಮತ್ತು ಒಟಿಪಿ ಎರಡೂ ಬೇಕು ಎಂದು ಮಾಡಿ. ಉಳಿದ ಮೆಷಿನ್‌ಗಳ ಎಸ್‌ಎಸ್‌ಎಚ್ ಪೋರ್ಟ್ ಆ ಜಂಪ್ ಸರ್ವರ್‌ಗೆ ಮಾತ್ರ ತೆರೆದಿರಲಿ.

ಹಂತ 8: ಮರೆತುಹೋಗುವ ಬಾಗಿಲುಗಳು

ಅಮೆಜಾನ್ ಲಿನಕ್ಸ್‌ನಲ್ಲಿ 'ಇಸಿ2-ಯೂಸರ್', ಉಬುಂಟು ಇಮೇಜ್‌ನಲ್ಲಿ 'ಉಬುಂಟು', ಅಜೂರ್‌ನಲ್ಲಿ ಸಾಮಾನ್ಯವಾಗಿ 'ಅಜೂರ್‌ಯೂಸರ್'. ಕ್ಲೌಡ್ ಮೆಷಿನ್ ಹುಟ್ಟುವಾಗಲೇ ಬರುವ ಖಾತೆಗಳಿವು. ಇವಕ್ಕೆ ಪಾಸ್‌ವರ್ಡ್ ಇಲ್ಲದೆ ಪೂರ್ತಿ ಸುಡೋ ಇರುವುದು ಸಾಮಾನ್ಯ. ಕೀ ಫೈಲು ತಂಡದ ಐದಾರು ಜನರ ಹತ್ತಿರ ಓಡಾಡುತ್ತಿರುತ್ತದೆ. ನಾನು ಮೊದಲು ಹೇಳಿದ ಹನ್ನೊಂದು ಮೆಷಿನ್‌ಗಳಲ್ಲಿ ಅವನ ಕೀ ಕೂತಿದ್ದದ್ದು ಇಂಥ ಖಾತೆಯಲ್ಲೇ. ಇವು ಲೋಕಲ್ ಖಾತೆಗಳಾದ್ದರಿಂದ ಫ್ರೀಐಪಿಎಯಲ್ಲಿ ಯಾರನ್ನು ಮುಚ್ಚಿದರೂ ಇವು ತೆರೆದೇ ಇರುತ್ತವೆ. ಮೆಷಿನ್ ಸೇರಿಸಿದ ಮೇಲೆ ಇವುಗಳ ಕೀ ತೆಗೆದುಹಾಕಿ, ಖಾತೆಗೆ ಬೀಗ ಹಾಕಿ. ಹೊಸ ಮೆಷಿನ್ ಮೊದಲ ಸಲ ಏಳುವಾಗ ಓಡುವ ಕ್ಲೌಡ್-ಇನಿಟ್ ಸೆಟ್ಟಿಂಗ್‌ನಲ್ಲೂ ಇದನ್ನು ಸೇರಿಸಿ.

ಇನ್ನೊಂದು ಬಾಗಿಲು ಕ್ಲೌಡ್ ಕನ್ಸೋಲ್, ಅಂದರೆ ಕ್ಲೌಡ್ ಮೆಷಿನ್‌ಗಳನ್ನು ನಡೆಸುವ ವೆಬ್ ಪುಟ. ಅಲ್ಲಿ ಹಕ್ಕಿದ್ದವರು ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದು ಬೇರೆ ಮೆಷಿನ್‌ಗೆ ಜೋಡಿಸಿ ಎಲ್ಲವನ್ನೂ ಓದಬಹುದು. ಸರ್ವರ್ ಲಾಗಿನ್ ಎಷ್ಟು ಭದ್ರ ಇದ್ದರೂ ಏನು ಬಂತು? ಆದ್ದರಿಂದ ಕನ್ಸೋಲ್ ಲಾಗಿನ್ ಕೂಡ ಇದೇ ಹೆಸರುಗಳಿಂದ ಆಗಲಿ. ಒಂದೇ ಲಾಗಿನ್‌ನಿಂದ ಹಲವು ವೆಬ್ ಸೇವೆಗಳಿಗೆ ಬಿಡುವ ಕೀಕ್ಲೋಕ್ ಹಾಕಿ ಅದನ್ನು ಫ್ರೀಐಪಿಎಗೆ ಜೋಡಿಸಿದರೆ, ಅದು ಎಸ್‌ಎಎಂಎಲ್ ಎಂಬ ಪದ್ಧತಿಯ ಮೂಲಕ ಕ್ಲೌಡ್ ಕನ್ಸೋಲ್‌ಗೆ ಗುರುತು ಹೇಳುತ್ತದೆ. ಕನ್ಸೋಲ್ ಇಲ್ಲದೆ ಸ್ಕ್ರಿಪ್ಟ್‌ಗಳಿಂದ ಕ್ಲೌಡ್ ಬಳಸಲು ಹಿಂದೆ ಮಾಡಿಟ್ಟ ಐಎಎಂ ಆಕ್ಸೆಸ್ ಕೀಗಳು ಇದಕ್ಕೆ ಸಿಗುವುದಿಲ್ಲ. ಅವನ್ನು ಬೇರೆಯಾಗಿ ಹುಡುಕಿ ಅಳಿಸಬೇಕು.

ಎಲ್ಲ ಬಾಗಿಲು ಮುಚ್ಚಿದ ಮೇಲೆ ಒಂದನ್ನು ಬೇಕೆಂದೇ ಇಡಿ. ಫ್ರೀಐಪಿಎ ಕೆಟ್ಟ ದಿನ ಒಳಗೆ ಹೋಗಲು ಪ್ರತಿ ಮೆಷಿನ್‌ನಲ್ಲೂ ಒಂದು ತುರ್ತು ಲೋಕಲ್ ಖಾತೆ, ಮೆಷಿನ್‌ಗೊಂದು ಬೇರೆ ಪಾಸ್‌ವರ್ಡ್. ಆ ಪಾಸ್‌ವರ್ಡ್‌ಗಳು ವಾಲ್ಟ್‌ನಲ್ಲಿ, ಅಂದರೆ ಪಾಸ್‌ವರ್ಡ್ ಭದ್ರವಾಗಿಡುವ ತಂತ್ರಾಂಶದಲ್ಲಿ ಇರಲಿ. ಆ ಖಾತೆ ಬಳಕೆಯಾದ ಕ್ಷಣ ಇಡೀ ತಂಡಕ್ಕೆ ಎಚ್ಚರಿಕೆ ಹೋಗಲಿ.

ಆಫೀಸಿನಲ್ಲಿ ಆಕ್ಟಿವ್ ಡೈರೆಕ್ಟರಿ ಇದ್ದರೆ

ಹೆಸರುಗಳನ್ನು ಎರಡು ಕಡೆ ಇಡಬೇಡಿ. ಫ್ರೀಐಪಿಎ ಮತ್ತು ಆಕ್ಟಿವ್ ಡೈರೆಕ್ಟರಿ ನಡುವೆ ಟ್ರಸ್ಟ್ ಮಾಡಿ, ಅಂದರೆ ಅಲ್ಲಿನ ಗುರುತನ್ನು ಇಲ್ಲಿ ನಂಬುವ ಹಾಗೆ ಮಾಡಿ. ಜನ ವಿಂಡೋಸ್ ಕಡೆಯೇ ಇರುತ್ತಾರೆ, ಲಿನಕ್ಸ್ ರೂಲ್‌ಗಳು ಇಲ್ಲಿರುತ್ತವೆ. ಅಲ್ಲಿನ ಗ್ರೂಪನ್ನು ಮೊದಲು ಇಲ್ಲಿನ ಒಂದು ಎಕ್ಸ್‌ಟರ್ನಲ್ (ಹೊರಗಿನವರ) ಗ್ರೂಪಿಗೆ, ಅದನ್ನು ಒಂದು ಪೋಸಿಕ್ಸ್ (ಲಿನಕ್ಸ್ ಗುರುತಿಸುವ) ಗ್ರೂಪಿಗೆ ಸೇರಿಸಿ, ಆಮೇಲೆ ಎಚ್‌ಬ್ಯಾಕ್‌ನಲ್ಲಿ ಬಳಸಿ. ಆಗ ಖಾತೆ ಮುಚ್ಚುವ ಒಂದೇ ಜಾಗ ಆಕ್ಟಿವ್ ಡೈರೆಕ್ಟರಿ ಆಗುತ್ತದೆ.

ಲಾಗ್‌ಗಳ ಬಗ್ಗೆ ಒಂದು ಮಾತು. ಎಲ್ಲ ಮೆಷಿನ್‌ಗಳ ಲಾಗಿನ್ ದಾಖಲೆ ಒಂದು ಕಡೆ ಸೇರಲಿ. ಮೇಲೆ ಹೇಳಿದ ಸರ್ಟ್-ಇನ್ ನಿರ್ದೇಶನದಂತೆ 180 ದಿನ ಅದನ್ನು ಇಟ್ಟುಕೊಳ್ಳಬೇಕು, ದಾಳಿಯಂಥ ಘಟನೆ ಗಮನಕ್ಕೆ ಬಂದರೆ 6 ಗಂಟೆಯೊಳಗೆ ತಿಳಿಸಬೇಕು. ಎಲ್ಲರೂ 'ಇಸಿ2-ಯೂಸರ್' ಹೆಸರಿನಲ್ಲೇ ಬರುತ್ತಿದ್ದರೆ ಆರು ಗಂಟೆಯಲ್ಲಿ ಏನೆಂದು ತಿಳಿಸುವುದು?

ಹಂತ 9: ಕೆಲಸ ಬಿಡುವ ದಿನದ ಪರೀಕ್ಷೆ

ಒಂದು ಸುಳ್ಳು ಉದ್ಯೋಗಿಯ ಖಾತೆ ಮಾಡಿ. ಎಲ್ಲ ಗ್ರೂಪಿಗೂ ಸೇರಿಸಿ. ಆಫೀಸಿನ ಒಂದು, ಕ್ಲೌಡಿನ ಒಂದು ಮೆಷಿನ್‌ಗೆ ಲಾಗಿನ್ ಆಗಿ ಸೆಷನ್ ತೆರೆದಿಡಿ. ಕನ್ಸೋಲ್‌ಗೂ ಹೋಗಿ. ಈಗ ಖಾತೆಯನ್ನು ಡಿಸೇಬಲ್ ಮಾಡಿ, ಗಡಿಯಾರ ನೋಡಿ.

ಪಾಸ್‌ವರ್ಡ್‌ನಿಂದಲೂ ಕೀಯಿಂದಲೂ ಹೊಸ ಲಾಗಿನ್ ನಿಲ್ಲಬೇಕು. ತೆರೆದಿದ್ದ ಸೆಷನ್ ಮಾತ್ರ ಹಾಗೇ ಇರುತ್ತದೆ, ತಾನಾಗಿಯೇ ಮುಚ್ಚುವುದಿಲ್ಲ. ಲಾಗಿನ್‌ಸಿಟಿಎಲ್‌ನಿಂದ ಆ ಹೆಸರಿನ ಸೆಷನ್‌ಗಳನ್ನು ಎಲ್ಲ ಮೆಷಿನ್‌ಗಳಲ್ಲಿ ಮುಗಿಸುವ ಒಂದು ಆನ್ಸಿಬಲ್ ಸ್ಕ್ರಿಪ್ಟ್ ಬರೆದಿಡಿ. ಮೊದಲೇ ಪಡೆದ ಕರ್ಬರೋಸ್ ಟಿಕೆಟ್ ಅವಧಿ ಮುಗಿಯುವ ತನಕ, ಸಾಮಾನ್ಯವಾಗಿ 24 ಗಂಟೆ, ಕೈಯಲ್ಲಿರುತ್ತದೆ. ಸೂಕ್ಷ್ಮ ತಂಡಗಳಿಗೆ ಆ ಅವಧಿಯನ್ನು ಕಡಿಮೆ ಮಾಡಿ. ಕೀಕ್ಲೋಕ್ ಸೆಷನ್ನನ್ನೂ ಮುಗಿಸಿ.

ಕೊನೆಗೆ ಒಂದು ಮೆಷಿನ್‌ನಿಂದ ಫ್ರೀಐಪಿಎ ಸರ್ವರ್‌ಗಳಿಗೆ ಹೋಗುವ ನೆಟ್‌ವರ್ಕ್ ಕಡಿದು ಅದೇ ಹೆಸರಿನಿಂದ ಲಾಗಿನ್ ಆಗಿ ನೋಡಿ. ಎಸ್‌ಎಸ್‌ಎಸ್‌ಡಿ ಹಳೆಯ ಪಾಸ್‌ವರ್ಡನ್ನು ನೆನಪಿಟ್ಟುಕೊಂಡು ಒಳಗೆ ಬಿಡಬಹುದು. ವಿಪಿಎನ್ ಬಿದ್ದ ದಿನ ಇದು ಉಪಕಾರವೇ. ಆದರೆ ಆ ನೆನಪಿಗೆ ಸೆಟ್ಟಿಂಗ್‌ನಲ್ಲಿ ಮಿತಿ ಹಾಕದಿದ್ದರೆ ಕೊನೆಯೇ ಇರುವುದಿಲ್ಲ. ಎರಡು ಮೂರು ದಿನದ ಮಿತಿ ಹಾಕಿ.

ಎಷ್ಟು ನಿಮಿಷದಲ್ಲಿ ಎಲ್ಲವೂ ಮುಚ್ಚಿತು ಎಂದು ಬರೆದಿಟ್ಟು ಮೂರು ತಿಂಗಳಿಗೊಮ್ಮೆ ಇದನ್ನೇ ಮತ್ತೆ ಮಾಡಿ. ನಿಜವಾಗಿ ಯಾರಾದರೂ ಕೆಲಸ ಬಿಟ್ಟಾಗ ಖಾತೆಯನ್ನು ಪೂರ್ತಿ ಅಳಿಸಬೇಡಿ, ಪ್ರಿಸರ್ವ್ ಆಯ್ಕೆ ಕೊಟ್ಟು ತೆಗೆಯಿರಿ. ಆಗ ಲಾಗಿನ್ ಆಗದು, ಗ್ರೂಪ್‌ಗಳೂ ಹೋಗುತ್ತವೆ, ಆದರೆ ಆ ಯುಐಡಿ ಯಾರದೆಂಬ ದಾಖಲೆ ಉಳಿಯುತ್ತದೆ. ಎರಡು ವರ್ಷದ ನಂತರ ಬರೀ ಸಂಖ್ಯೆಯ ಒಡೆತನ ಇರುವ ಒಂದು ಫೈಲು ಸಿಕ್ಕರೆ ಯಾರು ಬರೆದದ್ದು ಎಂದು ಆಗ ಹೇಳಬಹುದು.